ಅಚ್ಚಿನೊಳಗೆ ಮೆಗ್ನೀಸಿಯಂ ಹಾಕಿದ ಎರಕ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಎಸ್‌ಜಿ ಐರನ್ (ಮೆಗ್ನೀಸಿಯಂ ಹಾಕಿ ಗ್ರಾಫೈಟನ್ನು ಎಸಳಿನ ಬದಲು ಉಂಡೆಯಾಗಿಸಿದ ಎರಕದ ಕಬ್ಬಿಣ) ಗೇರೊಂದು ಹಲ್ಲು ಮುರಿದುಕೊಂಡು ವಾಪಸ್ ಬಂತು ಅಂದರೆ ಫೌಂಡ್ರಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಫರ್ನೇಸ್ ಕಡೆಗೆ. ಕಾರ್ಬನ್ ಎಷ್ಟಿತ್ತು, ಸಿಲಿಕಾನ್ ಎಷ್ಟಿತ್ತು, ಈ ಸ್ಕ್ರ್ಯಾಪ್ ಕೊಟ್ಟವರು ಯಾರು ಅಂತ ವಿಚಾರಣೆ ಶುರು. ಲೇಡಲ್‌ನಲ್ಲೇ (ಕರಗಿದ ಕಬ್ಬಿಣ ಹೊತ್ತು ಹೊಯ್ಯುವ ಪಾತ್ರೆಯಲ್ಲಿ) ಮೆಗ್ನೀಸಿಯಂ ಹಾಕುವವರಿಗೆ ಈ ಕ್ರಮ ಸರಿ. ಅಲ್ಲಿ ಲೇಡಲ್ ಕೆಟ್ಟರೆ ಅದರಿಂದ ಹೊಯ್ದ ಅಚ್ಚುಗಳೆಲ್ಲ ಕೆಟ್ಟಿರುತ್ತವೆ. ಅಚ್ಚಿನೊಳಗೇ ಹಾಕುವವರ ಲೆಕ್ಕ ಬೇರೆ. ಇಲ್ಲಿ ಪ್ರತಿ ಅಚ್ಚೂ ಒಂದು ಪ್ರತ್ಯೇಕ ಬ್ಯಾಚ್. ಒಂದೇ ಲೇಡಲ್‌ನಿಂದ ಹೊಯ್ದ ಐದರಲ್ಲಿ ನಾಲ್ಕು ಚೆನ್ನಾಗಿದ್ದು ಒಂದು ಮಾತ್ರ ಕೆಡಬಹುದು. ಅಷ್ಟೇ ಅಲ್ಲ, ಒಂದೇ ಎರಕದಲ್ಲಿ ಅರ್ಧ ಭಾಗ ಚೆನ್ನಾಗಿದ್ದು ಉಳಿದರ್ಧ ಕೆಡಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು ದೋಷ ಯಾವ ಜಾಗದಲ್ಲಿದೆ ಅಂತ. ಫರ್ನೇಸಿನ ಪುಸ್ತಕ ಆಮೇಲೆ ತೆರೆದರಾಯಿತು.

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ, ಆಲೆಮನೆ ಗಾಣದ ಗೇರು. ಕಾರವಾರ, ಅಂಕೋಲಾದ ಕಡೆ ಪಂಪ್ ಕೇಸಿಂಗ್, ದೋಣಿ ಇಂಜಿನ್ನಿನ ಬ್ರಾಕೆಟ್. ಇಂಥ ಹತ್ತು-ಇಪ್ಪತ್ತು ಕೆಜಿಯ ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ತಿಂಗಳಿಗೊಂದು ಪ್ಯಾಟರ್ನ್ ಬದಲಿಸುವ, ಇವತ್ತು ಪುಲ್ಲಿ ನಾಳೆ ಕಂಬದ ಬುಡ ಎನ್ನುವ ಶೆಡ್‌ಗಳಿಗೆ ಈ ವಿಧಾನ ನಾನು ಹೇಳುವುದಿಲ್ಲ. ಒಂದೇ ಪ್ಯಾಟರ್ನ್ ಮತ್ತೆ ಮತ್ತೆ ಹೊಯ್ಯುವವರಿಗೆ ಮಾತ್ರ ಇದು ಲಾಭ.

ಒಳಗೆ ನಡೆಯುವುದೇನು

ಕೀತ್ ಮಿಲ್ಲಿಸ್ ಮತ್ತು ಜೊತೆಗಾರರು ಮೆಗ್ನೀಸಿಯಂನಿಂದ ಗ್ರಾಫೈಟ್ ಉಂಡೆಕಟ್ಟಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1949ರಲ್ಲಿ. ಅಚ್ಚಿನೊಳಗೇ ಚೇಂಬರ್ ಮಾಡಿ, ಹೊಯ್ದ ಕಬ್ಬಿಣ ಮೇಲೆ ಹರಿಯುವಂತೆ ಅದರಲ್ಲಿ ಮೆಗ್ನೀಸಿಯಂ ಅಲಾಯ್ ಇಡುವ ಪದ್ಧತಿ ಚಾಲ್ತಿಗೆ ಬಂದದ್ದು 1970ರ ದಶಕದಲ್ಲಿ. ಮೆಗ್ನೀಸಿಯಂ ಕುದಿಯುವುದು ಸುಮಾರು 1,090 ಡಿಗ್ರಿಗೆ, ಕಬ್ಬಿಣ ಬರುವುದು 1,400 ಡಿಗ್ರಿಯ ಮೇಲೆ. ಬಯಲು ಲೇಡಲ್‌ನಲ್ಲಿ ಹಾಕಿದರೆ ಬಿಳಿ ಬೆಳಕು, ಹೊಗೆ. ಹಾಕಿದ್ದರಲ್ಲಿ ಒಳ್ಳೆಯ ಪಾಲು ಮಾಡಿಗೇ ಹೋಗುತ್ತದೆ. ಅಚ್ಚಿನೊಳಗೆ ಗಾಳಿ ಕಡಿಮೆ, ಹೊಗೆಯೂ ಕಡಿಮೆ, ಮೆಗ್ನೀಸಿಯಂ ಹೆಚ್ಚು ಉಳಿಯುತ್ತದೆ. ಹಾಗಾಗಿ 5ರಿಂದ 7 ಶೇಕಡಾ ಮೆಗ್ನೀಸಿಯಂ ಇರುವ ಫೆರೋಸಿಲಿಕಾನ್ ಅಲಾಯ್ ಹೊಯ್ದ ತೂಕದ ಶೇಕಡಾ 1ರ ಆಸುಪಾಸು ಇದ್ದರೆ ಸಾಕು. ಎರಕದಲ್ಲಿ ಕೊನೆಗೆ ಉಳಿಯಬೇಕಾದ ಮೆಗ್ನೀಸಿಯಂ 0.03ರಿಂದ 0.05 ಶೇಕಡಾ.

ಇದರಿಂದ ಒಂದು ಅನುಮಾನ ಮೊದಲೇ ಕೈಬಿಡಬಹುದು. 'ಹೊಯ್ಯೋದು ತಡ ಆಯ್ತು, ಮೆಗ್ನೀಸಿಯಂ ಆರಿಹೋಯ್ತು' ಎನ್ನುವ ಮಾತು ಲೇಡಲ್ ಕಾಲದ್ದು. ಇಲ್ಲಿ ಅಲಾಯ್ ಕರಗುವುದಕ್ಕೂ ಅಚ್ಚು ತುಂಬುವುದಕ್ಕೂ ನಡುವೆ ಇರುವುದು ಕೆಲವೇ ಸೆಕೆಂಡು. ತಡವಾದರೆ ಲೇಡಲ್ ತಣ್ಣಗಾಗುತ್ತದೆ. ತೊಂದರೆ ಇರುವುದು ಆ ತಣ್ಣಗಾಗುವುದರಲ್ಲಿ.

ಮೊದಲು ಬಂದ ಕಬ್ಬಿಣವೋ, ಕೊನೆಗೆ ಬಂದದ್ದೋ

ಹೊಯ್ಯಲು ಶುರು ಮಾಡಿದಾಗ ಚೇಂಬರ್ ದಾಟಿದ ಮೊದಲ ಕಬ್ಬಿಣ ಸಾಮಾನ್ಯವಾಗಿ ಇನ್‌ಗೇಟಿನಿಂದ (ಕಬ್ಬಿಣ ಎರಕದ ಜಾಗಕ್ಕೆ ಒಳಬರುವ ಬಾಯಿಯಿಂದ) ದೂರದ ತುದಿಗೆ ಹೋಗಿ ಕೂರುತ್ತದೆ. ಕೊನೆಗೆ ಬಂದದ್ದು ಗೇಟಿನ ಹತ್ತಿರ, ರೈಸರಿನಲ್ಲಿ (ಎರಕ ಕುಗ್ಗುವಾಗ ಕಬ್ಬಿಣ ಒದಗಿಸುವ ಗುಂಡಿಯಲ್ಲಿ) ಉಳಿಯುತ್ತದೆ. ಮುರಿದ ಎರಕವನ್ನು ಗೇಟಿನ ಗುರುತು ಕಾಣುವಂತೆ ಬೆಂಚಿನ ಮೇಲಿಟ್ಟು, ಕೆಟ್ಟ ಜಾಗ (ಮುರಿದ ಮುಖ ಕಪ್ಪಾಗಿ ಕಾಣುವುದು) ಯಾವ ಕಡೆಗಿದೆ ನೋಡಿ.

ದೂರದ ತುದಿ ಕೆಟ್ಟಿದ್ದರೆ ಅಲಾಯ್ ಕರಗಲು ತಡ ಮಾಡಿದೆ ಎಂದರ್ಥ. ಕಬ್ಬಿಣ ತಣ್ಣಗಿತ್ತು, ಅಲಾಯ್ ಕಾಳು ದಪ್ಪವಾಗಿತ್ತು, ಇಲ್ಲವೆ ಹೊಯ್ಯುವವನು ಸ್ಪ್ರೂ (ಕಬ್ಬಿಣ ಇಳಿಯುವ ಕೊಳವೆ) ತುಂಬಿಸದೆ ಶುರುವಿಗೆ ನೂಲಿನ ಹಾಗೆ ಬಿಟ್ಟ. ಗೇಟಿನ ಹತ್ತಿರ, ರೈಸರಿನ ಬುಡದಲ್ಲಿ ಕೆಟ್ಟಿದ್ದರೆ ಅಲಾಯ್ ಬೇಗ ಮುಗಿದಿದೆ. ಕಾಳು ತೀರ ಪುಡಿಯಾಗಿತ್ತು, ತೂಕ ಕಡಿಮೆ ಬಿತ್ತು, ಅಥವಾ ಹೊಯ್ಯುವ ಸಮಯ ಲೆಕ್ಕಕ್ಕಿಂತ ಉದ್ದ ಎಳೆದಿದೆ. ಎರಡೂ ಅಲ್ಲದೆ ಇಡೀ ಎರಕ ಒಂದೇ ಸಮ ಕಪ್ಪಾಗಿದ್ದರೆ ಮಾತ್ರ ಫರ್ನೇಸಿನ ಗಂಧಕದ ಕಡೆ, ಸ್ಕ್ರ್ಯಾಪಿನ ಕಡೆ ನೋಡಿ. ಅಥವಾ ಆ ಅಚ್ಚಿಗೆ ಅಲಾಯ್ ಹಾಕಲು ಮರೆತೇ ಹೋಗಿರಬಹುದು. ನಗಬೇಡಿ, ಮೋಲ್ಡಿಂಗ್ ಲೈನಿನಲ್ಲಿ ಊಟದ ಗಂಟೆ ಹೊಡೆದ ಹೊತ್ತಿಗೆ ಮುಚ್ಚಿದ ಅಚ್ಚುಗಳ ಮೇಲೆ ನನಗೆ ಯಾವತ್ತೂ ಸಂಶಯ.

ಇನ್ನೊಂದು ಸಾಕ್ಷಿ ಚೇಂಬರಿನಲ್ಲೇ ಇರುತ್ತದೆ. ನಮ್ಮಲ್ಲಿ ಅಚ್ಚು ಒಡೆದ ಕೂಡಲೇ ರನ್ನರು (ಕಬ್ಬಿಣ ಹರಿದ ಕಾಲುವೆಯಲ್ಲಿ ಉಳಿದದ್ದು), ಚೇಂಬರಿನಲ್ಲಿ ಉಳಿದ ಗಟ್ಟಿ ಎಲ್ಲ ಬಡಿದು ರಿಟರ್ನ್ಸ್ (ಮತ್ತೆ ಕರಗಿಸುವ) ರಾಶಿಗೆ ಎಸೆಯುವ ರೂಢಿ. ಎರಕ ಪಾಸಾಗುವ ತನಕ ಗಟ್ಟಿಯನ್ನು ಎಸೆಯಬಾರದು. ಎರಕಕ್ಕೆ ಬರೆದ ನಂಬರನ್ನೇ ಅದರ ಮೇಲೂ ಬರೆದಿಡಿ.

ಗಾಣದ ಗೇರು

ಒಂದು ಉದಾಹರಣೆ. ಶಿರಸಿ ಕಡೆಯ ಗಾಣಕ್ಕೆ ಹೊಯ್ದ ಎಸ್‌ಜಿ ಗೇರು, ರನ್ನರ್ ರೈಸರ್ ಸೇರಿ 20 ಕೆಜಿ. ಕಬ್ಬು ನುರಿಯುವ ಕಾಲದಲ್ಲಿ ಹಲ್ಲು ಹಾರಿತು. ಮುರಿದ ಹಲ್ಲುಗಳು ಮೂರು, ಮೂರೂ ಒಂದೇ ಕಡೆ, ಇನ್‌ಗೇಟಿನ ಗುರುತಿಗೆ ನೇರ ಎದುರು. ಮುರಿದ ಮುಖ ನೋಡಿದರೆ ಬುಡದಲ್ಲಿ ಉಕ್ಕಿನ ಹಾಗೆ ಬೆಳ್ಳಗಿನ ಬೂದು ಬಣ್ಣ, ತುದಿಗೆ ಹೋಗುತ್ತ ಕಪ್ಪು ಮಚ್ಚೆ, ಕೊನೆಗೆ ಪೂರ್ತಿ ಮಸಿ. ಪಕ್ಕದ ಹಲ್ಲಿಗೆ ಬೇಕೆಂದೇ ಸುತ್ತಿಗೆ ಏಟು ಕೊಟ್ಟರೆ ಅದು ಬಾಗಿ ಆಮೇಲೆ ಮುರಿಯಿತು, ಬಣ್ಣ ಸರಿಯಿತ್ತು.

ಅದೇ ನಂಬರಿನ ಚೇಂಬರ್ ಗಟ್ಟಿಯನ್ನು ಗರಗಸದಲ್ಲಿ ನಡುವೆ ಕೊಯ್ದಾಗ ಮೇಲಿನ ಅರ್ಧ ಗಟ್ಟಿ ಕಬ್ಬಿಣ. ಕೆಳಗಿನ ಮೂಲೆಯಲ್ಲಿ ಮಾತ್ರ ಕಡಲೆ ಗಾತ್ರದ ಅಲಾಯ್ ಕಾಳುಗಳು ಹಾಗೇ ಕೂತಿದ್ದವು, ಹೊಳೆಯುವ ಮುಖಗಳ ಸಮೇತ, ಸುತ್ತ ಒರಟು ಕಿಟ್ಟ. ನೀರು ಚಿಮುಕಿಸಿದಾಗ ಗ್ಯಾಸ್ ವೆಲ್ಡಿಂಗಿನ ಕಾರ್ಬೈಡ್ ವಾಸನೆ ಮೂಗಿಗೆ ಬಂತು. ಇಲ್ಲಿಗೆ ಕಾರ್ಬನ್-ಸಿಲಿಕಾನ್ ಚರ್ಚೆ ಮುಗಿಯಿತು. ಅಲಾಯ್ ಇದೆ, ಕರಗಿಲ್ಲ. ಕಾಳು 1ರಿಂದ 4 ಮಿ.ಮೀ. ಇರಬೇಕಾದಲ್ಲಿ ಡ್ರಮ್ಮಿನಿಂದ ದಪ್ಪ ಕಾಳೇ ಹೆಚ್ಚು ಬಂದಿತ್ತು. ಜೊತೆಗೆ ಆ ಅಚ್ಚು ಲೇಡಲ್‌ನ ಕೊನೆಯ ಹೊಯ್ತ. ನೂರು ಕೆಜಿಯ ಸಣ್ಣ ಲೇಡಲ್ ಒಂದೊಂದೇ ಅಚ್ಚಿಗೆ ತಿರುಗುತ್ತ ಹೋದ ಹಾಗೆ ಡಿಗ್ರಿ ಕಳೆದುಕೊಳ್ಳುತ್ತದೆ. ಮೊದಲ ಅಚ್ಚಿಗೆ 1,440 ಇದ್ದದ್ದು ಕೊನೆಯದಕ್ಕೆ 1,370ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಎರಡರಲ್ಲಿ ಒಂದೇ ಇದ್ದಿದ್ದರೆ ಬಹುಶಃ ಗೇರು ದಾಟಿಕೊಳ್ಳುತ್ತಿತ್ತು.

ಪರಿಹಾರ ಎರಡು. ಡ್ರಮ್ಮಿಗೆ ಸೌಟು ಹಾಕಿ ತೂಗುವ ಮೊದಲು ಅಲಾಯನ್ನು ಜರಡಿ ಹಿಡಿಯುವುದು. ಡ್ರಮ್ಮು ಲಾರಿಯಲ್ಲಿ ಘಟ್ಟ ಇಳಿದು ಬರುವಾಗ ಕುಲುಕಿ ಪುಡಿ ತಳಕ್ಕೆ, ದಪ್ಪ ಕಾಳು ಮೇಲಕ್ಕೆ ಬಂದಿರುತ್ತದೆ. ಡ್ರಮ್ ತೆರೆದ ದಿನ ಒಂದು ದೋಷ, ಮುಗಿಯುವ ದಿನ ಅದರ ವಿರುದ್ಧದ ದೋಷ ಬರುವುದು ಇದಕ್ಕೇ. ಎರಡನೆಯದು, 1,400ಕ್ಕಿಂತ ಕೆಳಗಿಳಿದ ಕಬ್ಬಿಣವನ್ನು ಎಸ್‌ಜಿ ಅಚ್ಚಿಗೆ ಹೊಯ್ಯದೆ ಫರ್ನೇಸಿಗೇ ವಾಪಸ್ ಹಾಕುವುದು. 'ಇದೊಂದು ಅಚ್ಚು ಮುಗಿಸಿಬಿಡುವಾ' ಎನ್ನುವವರನ್ನು ಆ ಹೊತ್ತಿಗೆ ತಡೆಯುವುದೇ ಕಷ್ಟದ ಕೆಲಸ.

ಚೇಂಬರಿನ ಅಳತೆ

ಪದೇ ಪದೇ ಒಂದೇ ಕಡೆ ಕೆಡುತ್ತಿದ್ದರೆ, ಅಲಾಯ್ ಕಾಳೂ ಬಿಸಿಯೂ ಸರಿಯಿದ್ದರೆ, ಚೇಂಬರಿನ ಅಳತೆಯೇ ತಪ್ಪು. ಅಲಾಯ್ ಕರಗುವ ವೇಗ ಚೇಂಬರಿನ ಆಳವನ್ನು ನೋಡುವುದಿಲ್ಲ, ಮೇಲಿನಿಂದ ನೋಡಿದಾಗ ಕಾಣುವ ಅಗಲವನ್ನು ನೋಡುತ್ತದೆ. ಸೆಕೆಂಡಿಗೆ ಎಷ್ಟು ಕೆಜಿ ಹೊಯ್ಯುತ್ತೀರಿ ಎನ್ನುವುದನ್ನು ಚೇಂಬರಿನ ಚದರ ಸೆಂಟಿಮೀಟರಿನಿಂದ ಭಾಗಿಸಿದರೆ ಬರುವ ಸಂಖ್ಯೆ ಪ್ರತಿ ಅಲಾಯಿಗೂ ಬೇರೆ. ಸುಮಾರು 0.05 ಅಂತ ಇಟ್ಟುಕೊಂಡು ಶುರು ಮಾಡಬಹುದು.

ಅದೇ ಗೇರಿನ ಲೆಕ್ಕ ನೋಡಿ. 20 ಕೆಜಿ, 8 ಸೆಕೆಂಡು, ಅಂದರೆ ಸೆಕೆಂಡಿಗೆ 2.5 ಕೆಜಿ. 0.05ರಿಂದ ಭಾಗಿಸಿದರೆ 50 ಚದರ ಸೆಂ.ಮೀ., ಹೆಚ್ಚುಕಡಿಮೆ 7 ಸೆಂ.ಮೀ. ಚೌಕ. ಶೇಕಡಾ 1ರಂತೆ ಅಲಾಯ್ 200 ಗ್ರಾಂ, ಅದು ಆ ಚೌಕದಲ್ಲಿ ಸುಮಾರು 2 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ, ಅದರ ಮೇಲೆ ಕಬ್ಬಿಣ ಹರಿಯಲು ಜಾಗ ಬೇಕು. ಇನ್ನು ಹೊಯ್ಯುವವನು 8 ಸೆಕೆಂಡಿನ ಬದಲು 14 ಸೆಕೆಂಡು ತೆಗೆದುಕೊಂಡ ಅಂತಿಟ್ಟುಕೊಳ್ಳಿ. ಚೇಂಬರ್ ಅಷ್ಟೇ, ಅಲಾಯ್ ಕರಗುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಕಬ್ಬಿಣಕ್ಕೆ ಮೆಗ್ನೀಸಿಯಂ ಅತಿಯಾಯಿತು, ಕೊನೆಯದಕ್ಕೆ ಉಳಿಯಲೇ ಇಲ್ಲ. ಹಾಗಾಗಿ ಈ ವಿಧಾನದಲ್ಲಿ ಸ್ಟಾಪ್‌ವಾಚು ಸ್ಪೆಕ್ಟ್ರೋಮೀಟರಿನಷ್ಟೇ (ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರ) ದೊಡ್ಡ ಉಪಕರಣ. ಸ್ಪೆಕ್ಟ್ರೋ ಇಲ್ಲದ ಶೆಡ್‌ನಲ್ಲೂ ಮೊಬೈಲ್ ಇದೆಯಲ್ಲ.

ಅಲಾಯ್ ಇಟ್ಟ ಮೇಲೆ ಅಚ್ಚಿಗೆ ಏರ್ ಹೊಡೆಯುವವರಿದ್ದಾರೆ. ಬಿದ್ದ ಮರಳು ಹಾರಿಸಲು ಹೋಗಿ ಅಲಾಯಿನ ಸಣ್ಣ ಕಾಳನ್ನೂ ಹಾರಿಸುತ್ತಾರೆ. ಅದು ರನ್ನರಿನಲ್ಲಿ, ಕೆಲವೊಮ್ಮೆ ಎರಕದ ಜಾಗದಲ್ಲೇ ಬಿದ್ದು, ಮಷೀನಿಂಗ್ ಮಾಡುವಾಗ ಟೂಲಿನ ಮೂತಿ ಮುರಿಯುವ ಗಟ್ಟಿ ಚುಕ್ಕೆಯಾಗಿ ಸಿಗುತ್ತದೆ. ಏರ್ ಹೊಡೆಯುವುದಿದ್ದರೆ ಮೊದಲೇ ಹೊಡೆದು, ಆಮೇಲೆ ಅಲಾಯ್ ಇಟ್ಟು, ಕೂಡಲೇ ಅಚ್ಚು ಮುಚ್ಚಿ.

ಮಳೆಗಾಲದ ದೋಷಗಳು

ಏಪ್ರಿಲಿನಲ್ಲಿ ಕಾಣದ ದೋಷ ಜೂನ್ ಎರಡನೇ ವಾರದಿಂದ ಕಾಣತೊಡಗಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಮರಳು, ಬೆಂಟೊನೈಟ್ ಜೇಡಿಮಣ್ಣು, ಅಲಾಯ್, ಎಲ್ಲವೂ ನೀರು ಹಿಡಿಯುತ್ತವೆ. ಬೇಸಿಗೆಯಲ್ಲಿ ಹಾಕಿದಷ್ಟೇ ನೀರನ್ನು ಮಿಕ್ಸರಿಗೆ ಹಾಕಿದರೆ ಗ್ರೀನ್ ಸ್ಯಾಂಡಿನ (ಹಸಿ ಅಚ್ಚಿನ ಮರಳಿನ) ತೇವ 3-4 ಶೇಕಡಾದಲ್ಲಿ ನಿಲ್ಲದೆ 5 ದಾಟುತ್ತದೆ.

ಎಸ್‌ಜಿಯಲ್ಲಿ ಇದು ಎರಡು ರೂಪದಲ್ಲಿ ಬರುತ್ತದೆ. ಒಂದು ಪಿನ್‌ಹೋಲ್. ಶಾಟ್ ಬ್ಲಾಸ್ಟ್ ಆದ ಮೇಲೆ, ಇಲ್ಲವೆ ಲೇತ್‌ನಲ್ಲಿ ಮೊದಲ ಕಟ್ ತೆಗೆದ ಮೇಲೆ, ಚರ್ಮದ ಸ್ವಲ್ಪ ಕೆಳಗೆ ಸಾಲುಸಾಲು ಸಣ್ಣ ತೂತು. ಒಳಗೋಡೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಹೈಡ್ರೋಜನ್. ಮೆಗ್ನೀಸಿಯಮ್ಮೂ ಅಲ್ಯೂಮಿನಿಯಮ್ಮೂ ನೀರಿನ ಆವಿಯನ್ನು ಒಡೆದು ಹೈಡ್ರೋಜನ್ನನ್ನು ಕಬ್ಬಿಣಕ್ಕೆ ಸೇರಿಸುತ್ತವೆ. ಒಳಗೋಡೆ ಒರಟಾಗಿ ಕಿಟ್ಟ ಮೆತ್ತಿಕೊಂಡಿದ್ದರೆ ಅದು ಸ್ಲ್ಯಾಗ್, ಹುಡುಕಬೇಕಾದ ದಾರಿ ಬೇರೆ. ತೂತು ನೋಡಿ 'ಬ್ಲೋಹೋಲ್' ಎಂದು ಒಂದೇ ಹೆಸರಿನಲ್ಲಿ ಬರೆದಿಡುವುದರಿಂದ ಎಷ್ಟೋ ಕಡೆ ವರ್ಷಗಟ್ಟಲೆ ಕಾರಣ ಸಿಕ್ಕಿಲ್ಲ. ಅಗ್ಗದ ಭೂತಗನ್ನಡಿ ಹಿಡಿದು ಗೋಡೆ ನೋಡಿ.

ಇನ್ನೊಂದು ಚರ್ಮದ ದೋಷ. ಒಳಗೆಲ್ಲ ಉಂಡೆ ಗ್ರಾಫೈಟ್ ಚೆನ್ನಾಗಿದ್ದು, ಹೊರಗಿನ ಒಂದು ಮಿಲಿಮೀಟರಿನಷ್ಟು ಪದರದಲ್ಲಿ ಮಾತ್ರ ಎಸಳು ಗ್ರಾಫೈಟ್. ಮರಳಿನ ತೇವವೋ ಗಂಧಕವೋ ಮೇಲ್ಮೈಯ ಮೆಗ್ನೀಸಿಯಂ ತಿಂದಿದೆ. ಫ್ಯೂರಾನ್ ಅಂಟು ಬೆರೆಸಿದ ಮರಳಿಗೆ ಸಲ್ಫೋನಿಕ್ ಆಸಿಡ್ ಗಟ್ಟಿಕಾರಕ ಹಾಕಿ, ಅದೇ ಮರಳನ್ನು ಮತ್ತೆ ಮತ್ತೆ ಬಳಸುವವರಲ್ಲಿ ಗಂಧಕ ಶೇಖರವಾಗುತ್ತ ಹೋಗುತ್ತದೆ. ಮಷೀನ್ ಮಾಡುವ ಮುಖವಾದರೆ ಪದರ ಕತ್ತರಿಸಿ ಹೋಗುತ್ತದೆ, ತಲೆನೋವಿಲ್ಲ. ಹಾಗೇ ಬಿಡುವ ಹಲ್ಲಿನ ಬುಡ, ಬ್ರಾಕೆಟ್ಟಿನ ಮೂಲೆಗಳಲ್ಲಾದರೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಸಂಜೆ ಅಚ್ಚು ಕಟ್ಟಿ, ಕರೆಂಟ್ ಹೋಗಿ, ಮಾರನೆ ಬೆಳಿಗ್ಗೆ ಹೊಯ್ಯುವುದು ನಮ್ಮ ಕಡೆ ಮಾಮೂಲು. ಗ್ರೇ ಐರನ್ನಿಗೆ (ಎಸಳು ಗ್ರಾಫೈಟಿನ ಮಾಮೂಲು ಎರಕಕ್ಕೆ) ಹೇಗೋ ನಡೆದೀತು. ಚೇಂಬರಿನಲ್ಲಿ ಅಲಾಯ್ ಇಟ್ಟ ಹಸಿ ಮರಳಿನ ಅಚ್ಚನ್ನು ರಾತ್ರಿಯಿಡೀ ಬಿಟ್ಟರೆ ಅಲಾಯ್ ತೇವ ಹೀರಿಕೊಂಡು ಮೇಲೊಂದು ಪದರ ಕಟ್ಟುತ್ತದೆ. ಅಂಥ ಅಚ್ಚನ್ನು ತೆರೆದು ಹಳೇ ಅಲಾಯ್ ತೆಗೆದು ಹೊಸದು ಹಾಕಿ. ತೇವ ಹಿಡಿದ ಅಲಾಯಿನ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಮೂಲೆಗೆ ಇಡಬೇಡಿ, ಹೊತ್ತಿಕೊಳ್ಳುವ ಅನಿಲ ಹುಟ್ಟುತ್ತದೆ. ಬೆಂಕಿ ಹಿಡಿದರೆ ನೀರು ಹಾಕಲೇಬಾರದು, ಒಣ ಮರಳು ಸುರಿಯಿರಿ.

ಕಡಲ ಮರಳಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆ ಮುಂದೆಯೇ ಬೀಚ್ ಇರುವಾಗ ಹೊರಗಿನಿಂದ ಸಿಲಿಕಾ ಮರಳು ಯಾಕೆ ತರಿಸಬೇಕು ಎಂಬ ಪ್ರಶ್ನೆ ಹೊಸಬರೆಲ್ಲ ಕೇಳುತ್ತಾರೆ. ಕಾನೂನಿನ ಮಾತು ಹಾಗಿರಲಿ, ಆ ಮರಳಿನಲ್ಲಿ ಚಿಪ್ಪಿನ ಚೂರು ಇರುತ್ತದೆ. ಚಿಪ್ಪು ಸುಣ್ಣದ ಕಲ್ಲೇ. ಎಂಟು-ಒಂಬೈನೂರು ಡಿಗ್ರಿಗೆ ಒಡೆದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ. ಆಸಿಡ್ಡಿನಿಂದ ಗಟ್ಟಿಯಾಗುವ ಬೈಂಡರ್ ಬಳಸಿದರಂತೂ ಚಿಪ್ಪು ಆ ಆಸಿಡ್ಡನ್ನೇ ತಿಂದು ಅಚ್ಚು ಗಟ್ಟಿಯಾಗುವುದಿಲ್ಲ. ಒಂದು ಮುಷ್ಟಿ ಮರಳಿಗೆ ಲಿಂಬೆರಸ ಹಿಂಡಿ. ನೊರೆ ಬಂದರೆ ಅದು ಫೌಂಡ್ರಿಗೆ ಬೇಡ.

ಅಂಚು ಬಿಳಿ, ಡ್ರಿಲ್ ಇಳಿಯುವುದಿಲ್ಲ

ಇದು ಮೆಗ್ನೀಸಿಯಂ ಕಡಿಮೆಯಾದ ದೋಷವಲ್ಲ, ಹಲವು ಸಲ ಹೆಚ್ಚಾದದ್ದು. ಇಲ್ಲವೆ ಇನಾಕ್ಯುಲಂಟ್ (ಗ್ರಾಫೈಟ್ ಹುಟ್ಟಲು ಬೀಜ ಒದಗಿಸುವ ವಸ್ತು) ಕೆಲಸ ಮಾಡಿಲ್ಲ. ತೆಳು ಅಂಚು, ಮೂಲೆ, ಪಾರ್ಟಿಂಗ್ ಲೈನಿನ ರೆಕ್ಕೆ ಮುರಿದು ನೋಡಿ: ಬಿಳಿ, ಕಡ್ಡಿಕಡ್ಡಿ ಕಂಡರೆ ಕಾರ್ಬೈಡ್. ಚೇಂಬರಿನ ಅಲಾಯ್ ತಾನೇ ಸ್ವಲ್ಪ ಇನಾಕ್ಯುಲಂಟಿನ ಕೆಲಸವನ್ನೂ ಮಾಡುವುದರಿಂದ ಈ ವಿಧಾನದಲ್ಲಿ ನಾಡ್ಯೂಲುಗಳು (ಗ್ರಾಫೈಟ್ ಉಂಡೆಗಳು) ಹೆಚ್ಚು, ಚಿಲ್ (ಹೀಗೆ ಬಿಳಿಯಾಗುವುದು) ಕಡಿಮೆ. ಹಾಗಿದ್ದೂ ಚಿಲ್ ಬಂದರೆ ಕಬ್ಬಿಣ ಫರ್ನೇಸಿನಲ್ಲಿ ತುಂಬ ಹೊತ್ತು ಕುದಿದಿರಬೇಕು. ಅಚ್ಚು ತಯಾರಿಲ್ಲ ಅಂತ 1,500 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಕಬ್ಬಿಣದಲ್ಲಿ ಗ್ರಾಫೈಟ್ ಹುಟ್ಟಲು ಬೇಕಾದ ಬೀಜವೇ ಸತ್ತಿರುತ್ತದೆ, ಜೊತೆಗೆ ಕಾರ್ಬನ್ನೂ ಸುಟ್ಟಿರುತ್ತದೆ. ಹೊಯ್ಯುವ ಮುನ್ನ ಸ್ವಲ್ಪ ಒಳ್ಳೆಯ ಪಿಗ್ ಐರನ್ ಹಾಕಿದರೆ ಚೇತರಿಸಿಕೊಳ್ಳುತ್ತದೆ.

ಗ್ರೇ ಐರನ್ ಪುಲ್ಲಿಗಳಿಗೆ ಸ್ಪ್ರೂ ಬುಡದಲ್ಲಿ ಇನಾಕ್ಯುಲಂಟ್ ಬಿಲ್ಲೆ ಇಡುವವರು ಬೇರೊಂದು ಗೊಂದಲಕ್ಕೆ ಬೀಳುತ್ತಾರೆ. ಎಸ್‌ಜಿಗೆ ಗಂಧಕ 0.012 ಶೇಕಡಾಕ್ಕಿಂತ ಕಡಿಮೆ ಬೇಕು. ಗ್ರೇ ಐರನ್ನಿಗೆ 0.05ರ ಮೇಲೆ ಇದ್ದರೇನೇ ಇನಾಕ್ಯುಲಂಟ್ ಹಿಡಿಯುವುದು. ಬೆಳಿಗ್ಗೆ ಎಸ್‌ಜಿ ಹೊಯ್ದು, ಉಳಿದ ಕಬ್ಬಿಣದಿಂದಲೇ ಮಧ್ಯಾಹ್ನ ಪುಲ್ಲಿ ಹೊಯ್ದರೆ ಪುಲ್ಲಿಯ ಅಂಚು ಬಿಳಿಯಾಗುತ್ತದೆ, ಬಿಲ್ಲೆ ಎಷ್ಟೇ ಇಟ್ಟರೂ. ಬಿಲ್ಲೆ ದೊಡ್ಡದು ಮಾಡುತ್ತ ಹೋಗಬೇಡಿ. 20 ಕೆಜಿಗೆ 20 ಗ್ರಾಂ ಸಾಕಾಗುವ ಕೆಲಸ ಅದು. ಐರನ್ ಸಲ್ಫೈಡ್ ಹಾಕಿ ಗಂಧಕ ಏರಿಸಿ, ಮ್ಯಾಂಗನೀಸನ್ನು ಗಂಧಕದ 1.7 ಪಟ್ಟಿಗೆ 0.3 ಕೂಡಿಸಿದಷ್ಟು ಇಡಿ.

ಮೆಗ್ನೀಸಿಯಂ ಸರಿ, ಗ್ರಾಫೈಟ್ ತಪ್ಪು

ಎರಕದ ತುಂಡು ಹುಬ್ಬಳ್ಳಿಗೋ ಬೆಳಗಾವಿಗೋ ಲ್ಯಾಬಿಗೆ ಹೋಗಿ ಬಂತು, ಮೆಗ್ನೀಸಿಯಂ 0.045 ಅಂತ ರಿಪೋರ್ಟು, ಆದರೂ ಗ್ರಾಫೈಟ್ ಜೇಡರ ಬಲೆಯ ಹಾಗೆ ಎಳೆಎಳೆ. ರಿಪೋರ್ಟು ಸುಳ್ಳಲ್ಲ. ಸ್ಪೆಕ್ಟ್ರೋ ಕರಗಿದ ಮೆಗ್ನೀಸಿಯಂ, ಗಂಧಕದ ಜೊತೆ ಕಟ್ಟಿಕೊಂಡದ್ದು, ಕಿಟ್ಟದಲ್ಲಿರುವುದು ಎಲ್ಲ ಸೇರಿಸಿ ಹೇಳುತ್ತದೆ. ಅದೇ ರಿಪೋರ್ಟಿನ ಕಾರ್ಬನ್ ಸಂಖ್ಯೆಯನ್ನಂತೂ ನಂಬಬೇಡಿ. ಗ್ರಾಫೈಟ್ ಹುಟ್ಟಿದ ತುಂಡಿನಲ್ಲಿ ಕಾರ್ಬನ್ ಸರಿ ಸಿಗದು, ಅದಕ್ಕೆ ತಾಮ್ರದ ಅಚ್ಚಿನಲ್ಲಿ ಬಿಳಿಯಾಗಿ ಗಟ್ಟಿಯಾದ ಬಿಲ್ಲೆಯೇ ಬೇಕು.

ಗಂಧಕವೂ ಕಡಿಮೆಯಿದ್ದರೆ ಸೀಸ, ಟೈಟಾನಿಯಂ, ಬಿಸ್ಮತ್ ನೋಡಿಸಿ. ಸೀಸ ಶೇಕಡಾ ಒಂದರ ಸಾವಿರ ಪಾಲಿನಲ್ಲಿ ಕೆಲವೇ ಪಾಲು ಸೇರಿದರೂ ಗ್ರಾಫೈಟ್ ಹಾಳು. ಕರಾವಳಿಯ ಸ್ಕ್ರ್ಯಾಪಿನಲ್ಲಿ ಹಳೇ ದೋಣಿಯ ಸಾಮಾನು ಇದ್ದೇ ಇರುತ್ತದೆ: ಪದರ ಪದರ ಬಣ್ಣ ಬಳಿದ ತಗಡು, ಗನ್‌ಮೆಟಲ್ ಬುಷ್ ಹಾಗೇ ಕೂತ ಉಕ್ಕಿನ ತುಂಡು. ಬುಷ್ಷಿನಲ್ಲಿ ತವರ, ಸೀಸ ಎರಡೂ ಇರುತ್ತವೆ. ಎಸ್‌ಜಿ ಹೊಯ್ಯುವ ದಿನ ಆ ರಾಶಿಗೆ ಕೈ ಹಾಕದಿರುವುದು ಒಳ್ಳೆಯದು.

ಡ್ರಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಕದ ಮೇಲ್ಮುಖದಲ್ಲಿ ಮಾತ್ರ ಕಪ್ಪು ಎಳೆ ಕಂಡರೆ ಅದು ಮೆಗ್ನೀಸಿಯಂ ಕಿಟ್ಟ. ಚೇಂಬರಿನ ನಂತರ ಸೆರಾಮಿಕ್ ಫಿಲ್ಟರ್ ಇದೆಯೇ, ಸೀಟಿನಲ್ಲಿ ಬಿಗಿಯಾಗಿ ಕೂತಿದೆಯೇ ನೋಡಿ. ಪಕ್ಕದಿಂದ ಕಬ್ಬಿಣ ನುಗ್ಗಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಅಚ್ಚು ಅರ್ಧಕ್ಕೇ ನಿಂತರೆ ಫಿಲ್ಟರ್ ಕಟ್ಟಿದೆ. ಕಾರಣ ಮತ್ತೆ ತಣ್ಣನೆ ಕಬ್ಬಿಣ ಅಥವಾ ಅತಿಯಾದ ಅಲಾಯ್.

ಅನುಮಾನದ ಲಾಟನ್ನು ಏನು ಮಾಡುವುದು

ಇಡೀ ಲಾಟಿಗೆ ಒಂದು ಟೆಸ್ಟ್ ಬಾರ್ ಹೊಯ್ದು ಐಎಸ್ 1865ರ (ಎಸ್‌ಜಿ ಐರನ್ನಿನ ಭಾರತೀಯ ಮಾನದಂಡ) ಪ್ರಕಾರ 500/7 ದರ್ಜೆ ಬಂತು ಅಂತ ಸರ್ಟಿಫಿಕೇಟ್ ಕೊಡುವುದು ಈ ವಿಧಾನದಲ್ಲಿ ಅರ್ಥವಿಲ್ಲದ್ದು. ಬಾರ್ ಹೇಳುವುದು ಬಾರ್ ಹೊಯ್ದ ಅಚ್ಚಿನ ಕಥೆ ಮಾತ್ರ. ಒಂದೊಂದನ್ನೂ ದಾರದಲ್ಲಿ ತೂಗಿಸಿ ಸುತ್ತಿಗೆಯಲ್ಲಿ ತಟ್ಟಿ. ಒಳ್ಳೆಯದು ಗಂಟೆಯ ಹಾಗೆ ಉದ್ದಕ್ಕೆ ನಾದ ಬಿಡುತ್ತದೆ, ಗ್ರೇ ಆಗಿ ಉಳಿದದ್ದು ಟಪ್ ಅಂತ ಸಾಯುತ್ತದೆ. ಆದರೆ ಒಂದು ಮೂಲೆ ಮಾತ್ರ ಕೆಟ್ಟದ್ದನ್ನು ಕಿವಿ ಹಿಡಿಯಲಾರದು. ಅದಕ್ಕೆ ಅಲ್ಟ್ರಾಸೋನಿಕ್ ಬೇಕು: ದಪ್ಪ ಗೊತ್ತಿರುವ ಜಾಗದಲ್ಲಿ ಶಬ್ದದ ವೇಗ ಸೆಕೆಂಡಿಗೆ 5,600 ಮೀಟರಿನ ಆಸುಪಾಸು ಬಂದರೆ ಉಂಡೆ ಗ್ರಾಫೈಟ್, 5,000ದ ಕೆಳಗೆ ಹೋದರೆ ಎಸಳು. ಗೇಟಿನ ಹತ್ತಿರ ಒಂದು, ದೂರದ ತುದಿಯಲ್ಲಿ ಒಂದು, ಹೀಗೆ ಪ್ರತಿ ಎರಕಕ್ಕೂ ಎರಡು ಕಡೆ ಅಳೆಯಿರಿ.

ಬಿದ್ದುಹೋದವನ್ನು ಒಡೆದು ಮತ್ತೆ ಕರಗಿಸುವಾಗ ಚೇಂಬರಿನ ಗಟ್ಟಿಗಳನ್ನು ಬೇರೆ ಡ್ರಮ್ಮಿಗೆ ಹಾಕಿ. ಅವುಗಳಲ್ಲಿ ಕರಗದ ಅಲಾಯ್ ಇದ್ದು ಸಿಲಿಕಾನ್ ಬಹಳ ಹೆಚ್ಚಿರುತ್ತದೆ. ಅಚ್ಚಿನಲ್ಲಿ ಅಲಾಯ್ ಸೇರಿಸುವುದೇ ಸುಮಾರು 0.45 ಶೇಕಡಾ ಸಿಲಿಕಾನ್, ಹಾಗಾಗಿ ಫರ್ನೇಸಿನಲ್ಲಿ 2ರ ಮೇಲೆ ಹೋಗದಂತೆ ನೋಡಿಕೊಳ್ಳಬೇಕು. ಗಟ್ಟಿಗಳನ್ನು ರಿಟರ್ನ್ಸ್ ಜೊತೆ ಲೆಕ್ಕವಿಲ್ಲದೆ ಸುರಿದರೆ ಎರಡು ಮೂರು ಹೀಟಿನಲ್ಲೇ ಅದು 2.3, 2.4ಕ್ಕೆ ಏರಿರುತ್ತದೆ.